ಪುಕ್ಕ ಉದುರಿದ ಕೋಳಿಗೆ ಔಷಧ ಹಾಕುವ ಮುನ್ನ

ಮಾನ್ಯ ಸಂಪಾದಕರಿಗೆ,

ಕಳೆದ ದೀಪಾವಳಿಯ ಹಿಂದಿನ ವಾರ ನಮ್ಮ ಪಕ್ಕದ ಮನೆಯವರು ತಮ್ಮ ನಾಲ್ಕು ನಾಟಿ ಹೇಟೆಗಳನ್ನು ಸಂತೆಯ ವ್ಯಾಪಾರಿಗೆ ಸಿಕ್ಕಷ್ಟು ಬೆಲೆಗೆ ಕೊಟ್ಟುಬಿಟ್ಟರು. ಮೊಟ್ಟೆ ನಿಂತು, ಕುತ್ತಿಗೆಯ ಪುಕ್ಕವೆಲ್ಲ ಉದುರಿ, ನೋಡುವುದಕ್ಕೆ ಅಸಹ್ಯವಾಗಿದ್ದ ಆ ಕೋಳಿಗಳಿಗೆ ಏನೋ ರೋಗ ತಗುಲಿದೆ, ಉಳಿದವಕ್ಕೂ ಹರಡೀತು ಎಂಬುದು ಅವರ ಭಯ. ಕೋಳಿಗಳಿಗೆ ಯಾವ ರೋಗವೂ ಇರಲಿಲ್ಲ. ಅವು ವರ್ಷಕ್ಕೊಮ್ಮೆ ಬದಲಿಸುವ ಪುಕ್ಕವನ್ನು ಬದಲಿಸುತ್ತಿದ್ದವು, ಅಷ್ಟೆ. ಇದನ್ನು ಹೇಳಲು ನಾನು ಅಲ್ಲಿಗೆ ಹೋಗುವಷ್ಟರಲ್ಲಿ ವ್ಯಾಪಾರಿಯ ಗಾಡಿ ಹೊರಟಾಗಿತ್ತು.

ಅವರನ್ನು ಆಕ್ಷೇಪಿಸುವ ಹಕ್ಕು ನನಗಿಲ್ಲ. ಅದಕ್ಕೂ ಹಿಂದಿನ ವರ್ಷ ನನ್ನ ಹಿತ್ತಲಿನ 11 ಹೇಟೆಗಳಲ್ಲಿ ಆರೇಳು ಪುಕ್ಕ ಕಳೆದುಕೊಳ್ಳತೊಡಗಿದಾಗ, ಒಂದನ್ನೂ ಕೈಯಲ್ಲಿ ಹಿಡಿದು ನೋಡದೆ ನಾನು ಪೇಟೆಯ ಔಷಧದಂಗಡಿಗೆ ಹೋಗಿದ್ದೆ. ಅಂಗಡಿಯವರು ಯಾವ ಪ್ರಶ್ನೆಯನ್ನೂ ಕೇಳದೆ ಒಂದು ವಿಟಮಿನ್ ಟಾನಿಕ್ಕನ್ನೂ, ದನಗಳ ಉಣುಗಿಗೆ ಸಿಂಪಡಿಸುವ ಔಷಧದ ಸಣ್ಣ ಬಾಟಲಿಯನ್ನೂ ಕೊಟ್ಟರು. ಕೋಳಿಗೆ ಎಷ್ಟು ನೀರಿಗೆ ಎಷ್ಟು ಬೆರೆಸಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಿಂಪಡಿಸಿದ ಮೇಲೆ ಕೋಳಿಗಳು ಎರಡು ದಿನ ಮಂಕಾಗಿ ಕೂತವು, ಪುಕ್ಕ ಉದುರುತ್ತಲೇ ಇತ್ತು, ಆ ದಿನಗಳಲ್ಲಿ ಸಿಕ್ಕಿದ ಮೊಟ್ಟೆಗಳನ್ನು ಮನೆಮಂದಿಯೆಲ್ಲ ತಿಂದೆವು. ಮೈಗೆ ಹಾಕಿದ ಕೀಟನಾಶಕದ ಅಂಶ ಮೊಟ್ಟೆಗೂ ಸೇರಬಹುದೆಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ. ಕೊನೆಗೆ ಒಂದು ಕೋಳಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರು ಔಷಧದ ಮಾತನ್ನೇ ಎತ್ತದೆ, “ಉಳಿದ ಕೋಳಿಗಳಿಗೆ ಎಲ್ಲೆಲ್ಲಿ ಬೋಳಾಗಿದೆ, ಅದನ್ನು ನೋಡಿಕೊಂಡು ಬನ್ನಿ” ಎಂದು ನನ್ನನ್ನು ವಾಪಸು ಕಳುಹಿಸಿದರು. ಆ ಕ್ಷಣಕ್ಕೆ ಬೇಸರವಾದರೂ, ಮನೆಗೆ ಬಂದು ಒಂದೊಂದನ್ನೇ ಹಿಡಿದು ನೋಡಿದಾಗ ಒಂದೇ ಗೂಡಿನಲ್ಲಿ ಮೂರು ಬೇರೆ ಬೇರೆ ಕಾರಣಗಳಿರುವುದು ಕಂಡಿತು.

ಮೊದಲನೆಯದು ಪಕ್ಕದ ಮನೆಯವರನ್ನು ಹೆದರಿಸಿದ ಅದೇ ಸಹಜ ಪುಕ್ಕ ಬದಲಾವಣೆ. ಇದು ಸಾಮಾನ್ಯವಾಗಿ ತಲೆ ಮತ್ತು ಕುತ್ತಿಗೆಯಲ್ಲಿ ಆರಂಭವಾಗಿ, ಎದೆ, ಬೆನ್ನು, ರೆಕ್ಕೆಗಳ ಮೂಲಕ ಸಾಗಿ ಬಾಲದಲ್ಲಿ ಮುಗಿಯುತ್ತದೆ. ಎರಡು ಪಕ್ಕಗಳಲ್ಲೂ ಸರಿಸುಮಾರು ಸಮನಾಗಿ ಉದುರುತ್ತದೆ. ಬೋಳಾದ ಕುತ್ತಿಗೆಯನ್ನು ಬೆಳಕಿಗೆ ಹಿಡಿದರೆ ಚರ್ಮದಿಂದ ಮುಳ್ಳಿನ ಹಾಗೆ ಎದ್ದ ನೀಲಿಛಾಯೆಯ ಮೊಳಕೆಗಳು ಕಾಣುತ್ತವೆ. ತುದಿಯಲ್ಲಿ ಮೇಣದಂಥ ಬಿಳಿಯ ಪೊರೆ, ಬುಡದಲ್ಲಿ ರಕ್ತ ತುಂಬಿದ ದೇಟು. ಬೆರಳು ತಾಗಿದರೆ ಕೋಳಿಗೆ ನೋವಾಗುತ್ತದೆ, ಆದ್ದರಿಂದ ಈ ದಿನಗಳಲ್ಲಿ ಅದನ್ನು ಎತ್ತಿ ಆಡಿಸದಿರುವುದು ಒಳ್ಳೆಯದು. ಕೋಳಿ ಮೇವು ತಿನ್ನುತ್ತಿದ್ದು, ಕಣ್ಣು ಚುರುಕಾಗಿದ್ದು, ಹಳೆಯ ಪುಕ್ಕ ಹೋದ ಕಡೆ ಇಂಥ ಮೊಳಕೆಗಳಿದ್ದರೆ ಅದಕ್ಕೆ ಯಾವ ಔಷಧವೂ ಬೇಡ. ಎರಡು ಮೂರು ತಿಂಗಳ ಮಟ್ಟಿಗೆ ಮೊಟ್ಟೆ ನಿಲ್ಲುವುದೂ ಇದರ ಒಂದು ಭಾಗವೇ.

ಇಲ್ಲಿ ನಮ್ಮನ್ನು ದಾರಿ ತಪ್ಪಿಸುವ ಒಂದು ಸಂಗತಿಯಿದೆ. ಹಗಲು ಕಿರಿದಾಗುತ್ತಾ ಬಂದಾಗ ಕೋಳಿಗಳು ಒಟ್ಟಾಗಿ ಪುಕ್ಕ ಬದಲಿಸುತ್ತವೆ ಎಂಬ ವಿವರಣೆ ಚಳಿದೇಶಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಮಲೆನಾಡಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯ ಆಸುಪಾಸು ಮಾತ್ರ. ಹೀಗಾಗಿ ನಮ್ಮ ಹಿತ್ತಲುಗಳಲ್ಲಿ ಒಂದು ಹೇಟೆ ನವರಾತ್ರಿಗೆ ಬೋಳಾದರೆ ಇನ್ನೊಂದು ಸಂಕ್ರಾಂತಿಗೆ ಬೋಳಾಗುತ್ತದೆ, ಮತ್ತೊಂದು ಕಾವು ಮುಗಿಸಿ ಮರಿಗಳನ್ನು ಬಿಟ್ಟ ಮೇಲೆ ಬದಲಿಸುತ್ತದೆ. ಗೂಡಿನ ಉಳಿದ ಕೋಳಿಗಳೆಲ್ಲ ನುಣ್ಣಗಿರುವಾಗ ಒಂದೇ ಒಂದು ಹರಕುಮುರುಕಾಗಿ ಓಡಾಡಿದರೆ ರೋಗವೆಂದು ಅನುಮಾನ ಬರುವುದು ಸಹಜವೇ. ಬೇಗ ಉದುರಿಸಲು ಶುರುಮಾಡಿ ತಿಂಗಳುಗಟ್ಟಲೆ ಎಳೆಯುವ ಕೋಳಿಗಿಂತ, ತಡವಾಗಿ ಶುರುಮಾಡಿ ಒಮ್ಮೆಲೇ ಉದುರಿಸುವ ಕೋಳಿ ಸಾಮಾನ್ಯವಾಗಿ ಹೆಚ್ಚು ಮೊಟ್ಟೆಯಿಡುತ್ತದೆ. ಅಂದರೆ ನಾವು ಹೆದರಿ ಸಂತೆಗೆ ಕಳುಹಿಸುವ ಅತ್ಯಂತ ವಿಕಾರವಾದ ಹೇಟೆಯೇ ಬಹಳ ಸಲ ಗೂಡಿನ ಅತ್ಯುತ್ತಮ ಹೇಟೆಯಾಗಿರುತ್ತದೆ.

ಎರಡನೆಯ ಕಾರಣವನ್ನು ನಾನು ಪ್ರತಿದಿನ ಕಣ್ಣೆದುರೇ ಕಾಣುತ್ತಿದ್ದರೂ ಗುರುತಿಸಿರಲಿಲ್ಲ. ಮೂರು ಹೇಟೆಗಳಿಗೆ ಬೆನ್ನಿನ ನಡುಭಾಗ ಮತ್ತು ತಲೆಯ ಹಿಂಬದಿ ಮಾತ್ರ ಬೋಳಾಗಿದ್ದವು, ಪುಕ್ಕಗಳು ಬುಡಸಮೇತ ಬೀಳದೆ ಅರ್ಧಕ್ಕೆ ತುಂಡಾಗಿದ್ದವು. ಇದು ಹುಂಜ ಮೆಟ್ಟುವಾಗ ಕಾಲಿನಿಂದ ಕೆರೆದು, ಕೊಕ್ಕಿನಿಂದ ಹಿಡಿದು ಆಗುವ ಹಾನಿ. ಹತ್ತು ಹೇಟೆಗಳಿಗೆ ಒಂದು ಹುಂಜ ಸಾಕಾಗುತ್ತದೆ. ನನ್ನ 11 ಹೇಟೆಗಳ ನಡುವೆ ಮೂರು ಹುಂಜಗಳಿದ್ದವು. ಎರಡನ್ನು ಬೇರೆಮಾಡಿದ ಮೇಲೆ ಹೊಸ ಗಾಯಗಳಾಗಲಿಲ್ಲ. ಆದರೆ ಅರ್ಧಕ್ಕೆ ತುಂಡಾದ ಪುಕ್ಕ ಮುಂದಿನ ಬದಲಾವಣೆಯವರೆಗೆ ಹಾಗೆಯೇ ಇರುತ್ತದೆಂಬುದನ್ನು ತಿಳಿಯದೆ ನಾನು ಸುಮ್ಮನೆ ಕಾತರಿಸಿದೆ.

ಮೂರನೆಯದು ನಿಜವಾದ ಉಪದ್ರವ. ಎರಡು ಕೋಳಿಗಳ ಬಾಲದ ಕೆಳಗೆ, ಮಲದ್ವಾರದ ಸುತ್ತ ಪುಕ್ಕ ತೆಳುವಾಗಿ ಚರ್ಮ ಕೆಂಪಾಗಿತ್ತು. ಪುಕ್ಕ ಸರಿಸಿದ ಕೂಡಲೇ ಹುಲ್ಲಿನ ಬಣ್ಣದ ಹೇನುಗಳು ಬೆಳಕಿಗೆ ಹೆದರಿ ಓಡಿದವು, ಪುಕ್ಕದ ಬುಡಗಳಲ್ಲಿ ಸಕ್ಕರೆ ಮೆತ್ತಿದ ಹಾಗೆ ಮೊಟ್ಟೆಗಳ ಬಿಳಿ ಗಂಟುಗಳಿದ್ದವು. ಹೇನು ಇಡೀ ಜೀವನವನ್ನು ಕೋಳಿಯ ಮೈಮೇಲೆಯೇ ಕಳೆಯುವುದರಿಂದ ಮೈಗೆ ಔಷಧ ಹಾಕುವುದು ಸರಿ. ಆದರೆ ವೈದ್ಯರು ಬರೆದುಕೊಟ್ಟ ಪುಡಿಯನ್ನೇ ಹಾಕಬೇಕು, ಕೋಳಿಮೊಟ್ಟೆಯನ್ನು ಎಷ್ಟು ದಿನ ತಿನ್ನದೆ ಬಿಡಬೇಕೆಂದು ಕೇಳಿಕೊಳ್ಳಬೇಕು, ಹೇನಿನ ಮೊಟ್ಟೆಗಳಿಂದ ಹೊರಬರುವ ಮರಿಹೇನುಗಳಿಗಾಗಿ ಸುಮಾರು ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಾಕಬೇಕು. ಕೆಂಪು ನುಸಿಯ ರೀತಿ ಇದಕ್ಕೆ ತದ್ವಿರುದ್ಧ. ಅದು ಹಗಲೆಲ್ಲ ಗೂಡಿನ ಸಂದಿಗಳಲ್ಲಿ ಅಡಗಿದ್ದು ರಾತ್ರಿ ಮಾತ್ರ ಕೋಳಿಗೆ ಹತ್ತಿ ರಕ್ತ ಹೀರುತ್ತದೆ. ಆದ್ದರಿಂದ ಹಗಲಿನಲ್ಲಿ ಕೋಳಿಯನ್ನು ಎಷ್ಟು ತಡಕಿದರೂ ಅದು ಸಿಗುವುದಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಟಾರ್ಚು ಹಿಡಿದು, ಹಳೆಯ ಬಿಳಿ ಪಂಚೆಯ ತುಂಡನ್ನು ಕೋಳಿಗಳು ಕೂರುವ ಅಡಿಕೆ ದಬ್ಬೆಯ ಅಡಿಭಾಗಕ್ಕೆ ಒತ್ತಿ ಎಳೆದಾಗ ಬಟ್ಟೆಯ ಮೇಲೆ ಕುಂಕುಮ ತೀಡಿದಂತೆ ಕೆಂಪು ಗೆರೆಗಳು ಮೂಡಿದವು. ಅದು ನನ್ನ ಕೋಳಿಗಳದೇ ರಕ್ತ. ಅವುಗಳ ಜುಟ್ಟು ಏಕೆ ಬಿಳಿಚಿಕೊಂಡಿತ್ತೆಂಬುದು ಆಗ ಅರ್ಥವಾಯಿತು. ಈ ನುಸಿ ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದಾದ್ದರಿಂದ ಗೂಡನ್ನು ಒಂದು ವಾರ ಖಾಲಿ ಬಿಟ್ಟರೆ ಪ್ರಯೋಜನವಿಲ್ಲ. ಸೀಳಿದ ದಬ್ಬೆಗಳನ್ನು ತೆಗೆದು ಸುಟ್ಟು, ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಸುಣ್ಣ ಬಳಿದು, ಇದೆಲ್ಲವನ್ನೂ ಒಂದು ವಾರದ ಮೇಲೆ ಮತ್ತೊಮ್ಮೆ ಮಾಡಿದ ನಂತರವೇ ಬಟ್ಟೆ ಬಿಳಿಯಾಗಿ ಉಳಿಯಿತು.

ಮಲೆನಾಡಿನವರಿಗೆ ಈ ಕಾಟ ಹೆಚ್ಚಾಗಲು ನಮ್ಮ ಮಳೆಗಾಲವೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಕೋಳಿ ಒಣಮಣ್ಣಿನಲ್ಲಿ ಹೊರಳಾಡಿ ಮೈಯ ಹೇನನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಅಂಗಳದಲ್ಲಿ ಹಿಡಿ ಒಣಮಣ್ಣಾದರೂ ಎಲ್ಲಿದೆ? ಕಟ್ಟಿಗೆ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಬಾಣಲೆಯೊಂದಕ್ಕೆ ಒಣಮಣ್ಣನ್ನೂ ಬಚ್ಚಲೊಲೆಯ ತಣಿದ ಬೂದಿಯನ್ನೂ ಬೆರೆಸಿಟ್ಟರೆ ಕೋಳಿಗಳು ಸರದಿ ಕಾದು ಅದರಲ್ಲಿ ಹೊರಳುತ್ತವೆ. ಮಳೆಗೆ ಹೊರಬಿಡದೆ ಇಕ್ಕಟ್ಟಿನಲ್ಲಿ ಕೂಡಿಹಾಕಿದಾಗ ಅವು ಒಂದರ ಪುಕ್ಕವನ್ನೊಂದು ಕುಕ್ಕಿ ಕೀಳುವುದೂ ಉಂಟು. ಒಮ್ಮೆ ರಕ್ತ ಕಂಡರೆ ಎಲ್ಲವೂ ಅಲ್ಲಿಗೇ ಕುಕ್ಕುವುದರಿಂದ ಗಾಯಗೊಂಡದ್ದನ್ನು ತಕ್ಷಣ ಬೇರೆ ಇಡಬೇಕು.

ಇನ್ನು ಮೇವಿನ ವಿಷಯ. ಪುಕ್ಕದ ಬಹುಪಾಲು ಪ್ರೋಟೀನೇ ಆಗಿರುವುದರಿಂದ, ಬರೀ ನುಚ್ಚು ಮತ್ತು ಉಳಿದ ಅನ್ನ ತಿನ್ನುವ ಕೋಳಿಗೆ ಹೊಸ ಪುಕ್ಕ ಬೇಗ ಬರುವುದಿಲ್ಲ. ಮೊಟ್ಟೆಕೋಳಿಯ ಮೇವಿನಲ್ಲಿ ಶೇ 16ರಿಂದ 18ರಷ್ಟು ಪ್ರೋಟೀನ್ ಇರಬೇಕು, ಅಕ್ಕಿಯಲ್ಲಿರುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಟಾನಿಕ್ಕಿಗೆ ಕೊಟ್ಟ ಹಣದಲ್ಲಿ ನಾನು ಶೇಂಗಾ ಹಿಂಡಿಯನ್ನೇ ತರಬಹುದಿತ್ತು. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಬರದಂತೆ ನೋಡಿಕೊಳ್ಳಬೇಕು, ಬೂಷ್ಟು ಹಿಡಿದ ಹಿಂಡಿ ಕೋಳಿಗೆ ವಿಷ. ನಮ್ಮ ಅಜ್ಜಿ ಸಗಣಿ ಮತ್ತು ಒದ್ದೆ ಗೋಣಿಚೂರು ತುಂಬಿದ ಮಡಕೆಯನ್ನು ಬೋರಲು ಹಾಕಿ ಗೆದ್ದಲು ಹಿಡಿದು ಕೋಳಿಗಳಿಗೆ ಸುರಿಯುತ್ತಿದ್ದರು. ಅದಕ್ಕೆ ಖರ್ಚೂ ಇರಲಿಲ್ಲ.

ಹಿತ್ತಲ ಕೋಳಿ ಸಾಕಣೆಗೆಂದು ಗ್ರಾಮೀಣ ಮಹಿಳೆಯರಿಗೆ ಮರಿಗಳನ್ನು ಹಂಚುವ ಪಶುಸಂಗೋಪನಾ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟೆ. ಮರಿಗಳ ಜೊತೆಗೆ ಒಂದೇ ಒಂದು ಹಾಳೆಯನ್ನು ಕೊಡಲಿ: ಅದರಲ್ಲಿ ಕೋಳಿಯ ಚಿತ್ರ ಬರೆದು, ಕುತ್ತಿಗೆ ಬೋಳಾದರೆ ಏನು, ಬೆನ್ನಾದರೆ ಏನು, ಬಾಲದ ಅಡಿಯಾದರೆ ಏನು, ಕಾವಿಗೆ ಕೂತ ಕೋಳಿಯ ಎದೆ ಬೋಳಾಗುವುದು ಏಕೆ ಸಹಜ ಎಂಬುದನ್ನು ಗುರುತಿಸಿರಲಿ. ಹುಟ್ಟಿನಿಂದಲೇ ಕುತ್ತಿಗೆಗೆ ಪುಕ್ಕವಿಲ್ಲದ ತಳಿಯೂ ಇದೆಯೆಂದು ಒಂದು ಸಾಲು ಸೇರಿಸಿದರೆ ಇನ್ನೂ ಒಳ್ಳೆಯದು, ಅಂಥದಕ್ಕೂ ಎಣ್ಣೆ ಹಚ್ಚುತ್ತಿದ್ದವರನ್ನು ನಾನು ಕಂಡಿದ್ದೇನೆ. ಅದೇ ಹಾಳೆಯನ್ನು ಪಶು ಆಸ್ಪತ್ರೆಯ ಗೋಡೆಗೂ ಹಾಲಿನ ಡೇರಿಯ ಬಾಗಿಲಿಗೂ ಅಂಟಿಸಬಹುದು. ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ, ಮುಂದಿನ ಮಳೆಗಾಲ ಹಿಡಿಯುವ ಮುನ್ನ, ಪಶುವೈದ್ಯರೊಬ್ಬರಿಂದ ಇಂಥದೊಂದು ಸಚಿತ್ರ ಲೇಖನವನ್ನು ಬರೆಸಬೇಕೆಂದು ಕೋರುತ್ತೇನೆ.

ಇತಿ,
ಹಿತ್ತಲಲ್ಲಿ ಕೋಳಿ ಸಾಕುವ ಓದುಗ, ತೀರ್ಥಹಳ್ಳಿ ತಾಲ್ಲೂಕು