ಮೂರು ಗಂಟೆಯ ಭರವಸೆ, ಮೂವತ್ತೈದು ನಿಮಿಷದ ದರ್ಶನ: ವಿಮಾನ ಸಂಗ್ರಹಾಲಯ ಪ್ರವಾಸದ ಕುರಿತು ದೂರು

ಚಿತ್ರದುರ್ಗ
ದಿನಾಂಕ: 26-11-2025

ಇಂದ,
ಪ್ರವಾಸಿ ತಂಡದ ಪರವಾಗಿ,
ಚಳ್ಳಕೆರೆ ಗೇಟ್ ಸಮೀಪದ ಬಡಾವಣೆಯ ನಿವಾಸಿ, ಚಿತ್ರದುರ್ಗ

ಗೆ,
ವ್ಯವಸ್ಥಾಪಕರು,
ತಮ್ಮ ಪ್ರವಾಸ ಸಂಸ್ಥೆಯ ಚಿತ್ರದುರ್ಗ ಕಚೇರಿ

ಮಾನ್ಯರೇ,

ವಿಷಯ: 22-11-2025ರಂದು ತಮ್ಮ ಸಂಸ್ಥೆ ನಡೆಸಿದ ಬೆಂಗಳೂರು ವಿಮಾನ ಸಂಗ್ರಹಾಲಯ ಪ್ರವಾಸದಲ್ಲಿ ಆದ ಸೇವಾ ನ್ಯೂನತೆ ಮತ್ತು ಅದಕ್ಕೆ ಪರಿಹಾರ ಕೋರಿ.

ಕಳೆದ ನಾಲ್ಕನೇ ಶನಿವಾರ ನಮ್ಮ ಬಡಾವಣೆಯ ಹಿರಿಯರು, ಮಕ್ಕಳು ಸೇರಿ 34 ಜನರು ತಲಾ 1,850 ರೂಪಾಯಿಯಂತೆ ಒಟ್ಟು 62,900 ರೂಪಾಯಿಗಳನ್ನು ಮುಂಗಡವಾಗಿಯೇ ಪಾವತಿಸಿ, ಬೆಂಗಳೂರಿನ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯವನ್ನು ನೋಡುವ ಸಲುವಾಗಿ ತಮ್ಮ ಬಸ್ಸಿನಲ್ಲಿ ಪ್ರಯಾಣ ಮಾಡಿದೆವು. ಆ ದಿನ ನಡೆದದ್ದನ್ನು ದೂರವಾಣಿಯಲ್ಲಿ ಎರಡು ಬಾರಿ ತಿಳಿಸಿದರೂ ಸಮರ್ಪಕ ಉತ್ತರ ಬಾರದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ಸಂಗ್ರಹಾಲಯದ ಬಗ್ಗೆಯಾಗಲಿ ಅಲ್ಲಿನ ಸಿಬ್ಬಂದಿಯ ಬಗ್ಗೆಯಾಗಲಿ ನಮ್ಮ ಯಾವ ದೂರೂ ಇಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಮ್ಮ ದೂರು ಇರುವುದು ಅಲ್ಲಿಗೆ ಕರೆದೊಯ್ಯುವ ಹೊಣೆ ಹೊತ್ತಿದ್ದ ತಮ್ಮ ಸಂಸ್ಥೆಯ ಮೇಲೆ ಮಾತ್ರ.

ತಾವು ಹಂಚಿದ ಕರಪತ್ರ ನನ್ನ ಬಳಿ ಇದೆ, ಅದರ ಪ್ರತಿಯನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ. ಬೆಳಗಿನ 5 ಗಂಟೆಗೆ ಹೊರಟು 10.30ಕ್ಕೆ ಸಂಗ್ರಹಾಲಯ ತಲುಪುವುದು, ಮಧ್ಯಾಹ್ನ 1.30ರವರೆಗೆ ಮೂರು ಗಂಟೆ ಕಾಲ ಅಲ್ಲಿರುವುದು, ವಿಮಾನಗಳ ಇತಿಹಾಸ ಬಲ್ಲ ಮಾರ್ಗದರ್ಶಕರು ಕನ್ನಡದಲ್ಲಿ ವಿವರಿಸುವುದು, ಎಲ್ಲ ಪ್ರವೇಶ ಶುಲ್ಕವೂ ಪ್ರವಾಸದ ದರದಲ್ಲೇ ಸೇರಿರುವುದು, ಇಷ್ಟನ್ನೂ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದೀರಿ. ಊಟದ ನಂತರ ಲಾಲ್‌ಬಾಗ್ ಎಂದೂ ಇತ್ತು. ಲಾಲ್‌ಬಾಗ್ ತಪ್ಪಿದ್ದಕ್ಕೆ ನಮ್ಮಲ್ಲಿ ಯಾರಿಗೂ ಅಷ್ಟು ಬೇಸರವಿಲ್ಲ, ಅದನ್ನು ಬಹುತೇಕ ಎಲ್ಲರೂ ನೋಡಿದ್ದೇವೆ. ನಾವು ದುಡ್ಡು ಕೊಟ್ಟು ಕೊಂಡದ್ದು ಆ ಮೂರು ಗಂಟೆಗಳನ್ನು.

ಆ ಮೂರು ಗಂಟೆ ನಮಗೆ ಯಾಕಷ್ಟು ಮುಖ್ಯವಾಗಿತ್ತು ಎಂಬುದನ್ನು ಬುಕಿಂಗ್ ಮಾಡುವ ದಿನವೇ ತಮ್ಮ ಕಚೇರಿಯಲ್ಲಿ ಕುಳಿತು ಹೇಳಿದ್ದೆ. ನಮ್ಮ ತಂದೆಯವರಿಗೆ ಈಗ 78 ವರ್ಷ. ಅವರು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದು, 1971ರ ಯುದ್ಧದ ಹೊತ್ತಿಗೆ ರಾಜಸ್ಥಾನದ ವಾಯುನೆಲೆಯಲ್ಲಿ ಮಾರುತ್ ವಿಮಾನಗಳ ಮೇಲೆ ಕೆಲಸ ಮಾಡಿದವರು. ಎಚ್‌ಎಫ್-24 ಮಾರುತ್ ನಮ್ಮ ದೇಶದಲ್ಲೇ, ಅದರಲ್ಲೂ ಬೆಂಗಳೂರಿನಲ್ಲಿ, ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿನ ಎಂಜಿನಿಯರುಗಳೊಂದಿಗೆ ಸೇರಿ ಅದನ್ನು ರೂಪಿಸಿದರು, ಅದು ಮೊದಲ ಬಾರಿಗೆ ಹಾರಿದ್ದು 1961ರ ಜೂನ್ 17ರಂದು. ಒಟ್ಟು 147 ಮಾರುತ್‌ಗಳು ತಯಾರಾದವು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಕಟ್ಟಿದ ಆ ಒಡಲಿಗೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ, ಕಡಿಮೆ ಬಲದ ಎರಡು ಆರ್ಫಿಯಸ್ ಎಂಜಿನ್‌ಗಳಲ್ಲೇ ಅದು ತನ್ನ ಆಯುಷ್ಯ ಮುಗಿಸಬೇಕಾಯಿತು. ಈ ಮಾತು ಬಂದಾಗಲೆಲ್ಲ ತಂದೆಯವರ ದನಿ ಇವತ್ತಿಗೂ ಭಾರವಾಗುತ್ತದೆ. ಆದರೆ ಒಂದು ಎಂಜಿನ್ ಕೈಕೊಟ್ಟರೂ ಇನ್ನೊಂದರ ಬಲದ ಮೇಲೆ ಪೈಲಟ್ಟನ್ನು ಮನೆಗೆ ತಂದು ಇಳಿಸುತ್ತಿದ್ದ ವಿಮಾನ ಅದು ಎಂದು ಅವರೇ ಮರುಕ್ಷಣ ಹೆಮ್ಮೆಯಿಂದ ಹೇಳುತ್ತಾರೆ. ಸೇವೆಯಿಂದ ಬಿಡುಗಡೆಯಾಗಿ ಊರಿಗೆ ಮರಳಿದ ಮೇಲೆ ಅವರು ಮಾರುತ್ ಅನ್ನು ಮತ್ತೆ ನೋಡಿರಲಿಲ್ಲ. ಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತ್ ನಿಂತಿದೆ ಎಂದು ತಿಳಿದಾಗಿನಿಂದ ಮೊಮ್ಮಕ್ಕಳಿಗೆ ಅದನ್ನು ತೋರಿಸಬೇಕೆಂಬುದು ಅವರ ಆಸೆಯಾಗಿತ್ತು. ಇದನ್ನೆಲ್ಲ ಕೇಳಿದ ತಮ್ಮ ಸಿಬ್ಬಂದಿ, "ಅರ್ಜೆಂಟೇ ಇಲ್ಲ ಬಿಡಿ, ಅಲ್ಲಿ ಅರ್ಧ ದಿನ ಇರ್ತೀವಿ" ಎಂದು ಹೇಳಿದ್ದರು.

ಬಸ್ಸು ಚಳ್ಳಕೆರೆ ಗೇಟಿನಿಂದ ಹೊರಟಿದ್ದು 5 ಗಂಟೆಗಲ್ಲ, 5.50ಕ್ಕೆ. ಅದನ್ನು ಸಹಿಸಿಕೊಂಡೆವು. ಶಿರಾ ದಾಟಿದ ಮೇಲೆ ತಿಂಡಿಗೆ ನಿಲ್ಲಿಸಿದ್ದೂ ಸರಿಯೇ. ಆದರೆ ಬೆಂಗಳೂರು ತಲುಪಿದ ಮೇಲೆ, ಯಾರೊಬ್ಬರನ್ನೂ ಕೇಳದೆ, ಕರಪತ್ರದಲ್ಲಿ ಎಲ್ಲಿಯೂ ಹೆಸರಿಲ್ಲದ ಒಂದು ಸೀರೆ ಮತ್ತು ಕರಕುಶಲ ವಸ್ತುಗಳ ಮಳಿಗೆಯ ಮುಂದೆ 10.50ಕ್ಕೆ ಬಸ್ಸು ನಿಲ್ಲಿಸಲಾಯಿತು. ಹತ್ತು ನಿಮಿಷ ಎಂದರು. ಬಸ್ಸಿನ ಬಾಗಿಲಿಗೆ ಬೀಗ ಹಾಕಿ ಚಾಲಕರು ಎಲ್ಲೋ ಹೋದದ್ದರಿಂದ ಹಿರಿಯರು ಒಳಗೆ ಕೂರುವಂತೆಯೂ ಇರಲಿಲ್ಲ, ಮಳಿಗೆಯ ಮೆಟ್ಟಿಲುಗಳ ಮೇಲೆ ಕುಳಿತರು. ತಮ್ಮ ಮೇಲ್ವಿಚಾರಕರು ಕೌಂಟರಿನಲ್ಲಿದ್ದ ಪುಸ್ತಕದಲ್ಲಿ ನಮ್ಮ ಬಸ್ಸಿನ ನಂಬರು, ತಲೆಯೆಣಿಕೆ ಬರೆಸಿ ಸಹಿ ಮಾಡಿದ್ದನ್ನು ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅದರ ಅರ್ಥವೇನು ಎಂಬುದನ್ನು ತಮಗೆ ವಿವರಿಸುವ ಅಗತ್ಯವಿಲ್ಲ. ಅಲ್ಲಿಂದ ಕದಲಿದ್ದು 1 ಗಂಟೆಗೆ, ಪಕ್ಕದ ಹೋಟೆಲಿನಲ್ಲಿ ಊಟ ಮುಗಿದದ್ದು 2.20ಕ್ಕೆ. ಮೂರು ಬಾರಿ ನಾನು, ಎರಡು ಬಾರಿ ಇನ್ನಿಬ್ಬರು ಹಿರಿಯರು ಹೋಗಿ ಸಂಗ್ರಹಾಲಯಕ್ಕೆ ತಡವಾಗುತ್ತಿದೆ ಎಂದು ಕೇಳಿಕೊಂಡಾಗಲೂ ಬಂದ ಉತ್ತರ ಒಂದೇ: "ಆಯ್ತು, ಹೊರಟ್ವಿ."

ಬೈಯಪ್ಪನಹಳ್ಳಿಯ ಕಡೆಯಿಂದ ಎಚ್‌ಎಎಲ್‌ನತ್ತ ತಿರುಗುವ ರಸ್ತೆಯಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡಿದ್ದಾಗ ತಂದೆಯವರು ಕಿಟಕಿಯಾಚೆಯ ಫಲಕವೊಂದನ್ನು ಮೊಮ್ಮಗಳಿಗೆ ತೋರಿಸಿ ಓದಿಸಿದರು: ಸುರಂಜನ್ ದಾಸ್ ರಸ್ತೆ. ಮಾರುತ್ ಅನ್ನು ಮೊದಲು ಹಾರಿಸಿದ ಪರೀಕ್ಷಾ ಪೈಲಟ್ ಅವರೇ, ಆ ವಿಮಾನಕ್ಕೆ ಹೆಚ್ಚು ಬಲ ತುಂಬುವ ಪ್ರಯತ್ನದಲ್ಲಿ 1970ರ ಜನವರಿ 10ರಂದು ಪ್ರಾಣ ಕೊಟ್ಟವರೂ ಅವರೇ. ಇದನ್ನು ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಲು ಮೈಕ್ ಕೊಡಿ ಎಂದು ಕೇಳಿದಾಗ, ಸಿನಿಮಾ ಹಾಡು ನಡೆಯುತ್ತಿದೆ ಎಂಬ ಕಾರಣ ಕೊಟ್ಟು ತಮ್ಮ ಮಾರ್ಗದರ್ಶಕರು ನಿರಾಕರಿಸಿದರು. ಇದು ನನಗೆ ಮಳಿಗೆಯ ಎರಡು ಗಂಟೆಗಿಂತಲೂ ಹೆಚ್ಚು ನೋವು ಕೊಟ್ಟಿತು.

ಸಂಗ್ರಹಾಲಯದ ಗೇಟಿಗೆ ಬಂದಾಗ 3.50. 4.25ಕ್ಕೆ ಬಸ್ಸು ಹೊರಡಲೇಬೇಕು, ಚಾಲಕರಿಗೆ ರಾತ್ರಿ ಬೇರೆ ಬುಕಿಂಗ್ ಇದೆ ಎಂದು ಇಳಿಯುವ ಮೊದಲೇ ಘೋಷಿಸಲಾಯಿತು. ಟಿಕೆಟು, ಶೌಚಾಲಯ, ತಲೆಯೆಣಿಕೆ ಮುಗಿಯುವ ಹೊತ್ತಿಗೆ ಹನ್ನೆರಡು ನಿಮಿಷ ಕಳೆದಿತ್ತು. ಉಳಿದ ಇಪ್ಪತ್ಮೂರು ನಿಮಿಷಗಳಲ್ಲಿ 34 ಜನ ನೋಡಬೇಕಾಗಿದ್ದದ್ದು 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನೊಂದಿಗೆ ವಾಲ್‌ಚಂದ್ ಹೀರಾಚಂದ್ ಅವರು ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಆರಂಭಿಸಿದಂದಿನಿಂದ ಈಚಿನ ಕಥೆ ಹೇಳುವ ಚಿತ್ರಗಳ ಸಭಾಂಗಣ, ಎಂಜಿನ್‌ಗಳ ವಿಭಾಗ ಮತ್ತು ಹೊರಗಿನ ಅಂಗಳದ ವಿಮಾನಗಳು. ಎಂಜಿನ್‌ಗಳ ವಿಭಾಗದ ಬಾಗಿಲನ್ನೂ ನಾವು ಮುಟ್ಟಲಿಲ್ಲ. ಬದುಕಿನ ಹದಿನೈದು ವರ್ಷ ಎಂಜಿನ್‌ಗಳ ನಡುವೆ ಕಳೆದ ಮನುಷ್ಯ ಎಂಜಿನ್‌ಗಳ ವಿಭಾಗ ನೋಡದೆ ಹಿಂತಿರುಗಿದರು.

ಮೊಣಕಾಲು ನೋವಿನಿಂದ ನಿಧಾನವಾಗಿ ನಡೆಯುವ ತಂದೆಯವರನ್ನು ನೇರವಾಗಿ ಮಾರುತ್ ಬಳಿಗೇ ಕರೆದೊಯ್ದೆ. ಅವರು ಮೊದಲು ಏನೂ ಮಾತನಾಡಲಿಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟು, ವಿಮಾನದ ಪಕ್ಕೆಯಲ್ಲಿ ಗಾಳಿ ಒಳಗೆ ಎಳೆದುಕೊಳ್ಳುವ ಬಾಯಿಯ ಎದುರು ನಿಂತು, ಅದರೊಳಗಿನ ಅರ್ಧ ಶಂಕುವಿನಾಕಾರದ ಉಬ್ಬನ್ನು ನೋಡುತ್ತಾ ಅಂಗೈಯನ್ನು ಅದೇ ಆಕಾರದಲ್ಲಿ ಬಾಗಿಸಿ ಗಾಳಿಯಲ್ಲೇ ಸವರಿದರು. ಮುಟ್ಟಬಾರದು ಎಂಬ ಸೂಚನೆಯನ್ನು ಅವರು ಕೊನೆಯವರೆಗೂ ಪಾಲಿಸಿದರು. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದು, ಬೆಳಗಿನ ಜಾವ ಮರಳುಗಾಡಿನ ಚಳಿಯಲ್ಲಿ ಟಾರ್ಚು ಹಿಡಿದು ಇದರೊಳಗೆ ಒಂದು ಚೂರು ಕಲ್ಲು, ಒಂದು ಮೊಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಪೈಲಟ್ಟಿಗೆ ಹೆಬ್ಬೆರಳು ತೋರಿಸುತ್ತಿದ್ದೆವು ಎಂದು ಹೇಳತೊಡಗಿದ್ದರು. "ಒಂದು ದಿನ ಏನಾಯ್ತು ಅಂದ್ರೆ" ಎಂದು ಅವರು ಆರಂಭಿಸಿದ್ದಷ್ಟೇ, ತಮ್ಮ ಮೇಲ್ವಿಚಾರಕರು ಹತ್ತಿರ ಬಂದು ಸೀಟಿ ಊದಿದರು. ಎರಡನೇ ಸಲ ಊದಿದಾಗ ತಂದೆಯವರು ಮಾತು ನಿಲ್ಲಿಸಿ ಕೋಲು ಈಸಿಕೊಂಡರು. ಆ ದಿನ ಏನಾಯಿತು ಎಂಬುದನ್ನು ಬಸ್ಸಿನಲ್ಲಿ ಮಗು ಎಷ್ಟು ಕೇಳಿದರೂ ಅವರು ಹೇಳಲಿಲ್ಲ, ಊರು ಬರುವವರೆಗೆ ಕಣ್ಣು ಮುಚ್ಚಿ ಕುಳಿತಿದ್ದರು.

ಇನ್ನು ಮಾರ್ಗದರ್ಶಕರ ವಿಷಯ. ಅವರು ಮಾರುತ್ ಅನ್ನು ತೋರಿಸಿ "ಇದು ರಷ್ಯಾದಿಂದ ತಂದ ಹಳೇ ಮಿಗ್" ಎಂದು ಮಕ್ಕಳಿಗೆ ಹೇಳಿದರು. ಮಿಗ್-21 ಅಲ್ಲೇ ಬೇರೆ ನಿಂತಿತ್ತು. ಅಜೀತ್ ವಿಮಾನವನ್ನು ಬ್ರಿಟಿಷರ ನ್ಯಾಟ್ ಎಂದರು. ನ್ಯಾಟ್ ವಿನ್ಯಾಸವನ್ನೇ ಆಧರಿಸಿ, ರೆಕ್ಕೆಗಳಲ್ಲೇ ಇಂಧನ ತುಂಬುವಂತೆ ಮಾರ್ಪಡಿಸಿ ಎಚ್‌ಎಎಲ್ ತಯಾರಿಸಿದ ವಿಮಾನ ಅಜೀತ್. 1951ರಲ್ಲಿ ಮೊದಲು ಹಾರಿದ, ಡಾ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನದ ಬಗ್ಗೆ ಅವರು ಒಂದಕ್ಷರವನ್ನೂ ಆಡಲಿಲ್ಲ. ತಿಳಿಯದಿರುವುದು ತಪ್ಪಲ್ಲ. ಆದರೆ ಕನ್ನಡ ನಾಡಿನಲ್ಲಿ ನಮ್ಮವರ ಕೈಯಿಂದ ಆದ ಕೆಲಸವನ್ನು, ಅದೂ ಆ ಕೆಲಸ ಮಾಡಿದವರೊಬ್ಬರ ಎದುರಿಗೇ, ಬೇರೆ ದೇಶದ್ದೆಂದು ಮಕ್ಕಳಿಗೆ ಹೇಳಿಕೊಡುವುದನ್ನು ನಾನು ಸಣ್ಣ ಲೋಪವೆಂದು ಒಪ್ಪಲಾರೆ.

ತಂಡದಲ್ಲಿದ್ದ ಹನ್ನೊಂದು ಮಕ್ಕಳು ಅಲ್ಲಿಗೆ ಬರಿಗೈಯಲ್ಲಿ ಬಂದವರಲ್ಲ. ನಮ್ಮ ಜಿಲ್ಲೆಯ ಚಳ್ಳಕೆರೆ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರ್‌ನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ಇಸ್ರೋದ ಮರುಬಳಕೆಯ ಉಡಾವಣಾ ವಾಹನ ತನ್ನಷ್ಟಕ್ಕೆ ತಾನೇ ಬಂದು ಇಳಿದದ್ದು ಅಲ್ಲಿನ ರನ್‌ವೇಯಲ್ಲೇ. ಪೈಲಟ್ ಇಲ್ಲದ ವಿಮಾನಗಳ ಮಾತು ನಮ್ಮ ಕಡೆಯ ಮಕ್ಕಳಿಗೆ ಹೊಸದಲ್ಲ. ಅದಕ್ಕೇ ಅವರು ಸಂಗ್ರಹಾಲಯದಲ್ಲಿ 'ಲಕ್ಷ್ಯ' ನೋಡಬೇಕು, ಅದು ಪೈಲಟ್ ಇಲ್ಲದೆ ಹೇಗೆ ಹಾರುತ್ತದೆ ಎಂದು ಕೇಳಬೇಕು ಎಂದು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದರು. ಆ ಪುಟಗಳು ಹಾಗೆಯೇ ವಾಪಸ್ಸು ಬಂದವು.

ಪ್ರವೇಶ ಶುಲ್ಕ ದರದಲ್ಲೇ ಸೇರಿದೆ ಎಂದು ಅಚ್ಚು ಹಾಕಿಸಿದ್ದರೂ ಗೇಟಿನ ಬಳಿ ತಲಾ 100 ರೂಪಾಯಿಯಂತೆ 3,400 ರೂಪಾಯಿ ಮತ್ತೆ ವಸೂಲು ಮಾಡಿದ್ದೀರಿ, ರಸೀದಿ ಕೊಟ್ಟಿಲ್ಲ.

ಮರುದಿನ ನಾನು ಕರೆ ಮಾಡಿದಾಗ ತಮ್ಮ ಕಚೇರಿಯವರು, "ವಿಮಾನ ನೋಡಿದ್ರಲ್ಲ, ಫೋಟೋನೂ ತೆಗೆಸ್ಕೊಂಡ್ರಲ್ಲ, ಇನ್ನೇನು" ಎಂದರು. ಸೋಮವಾರ ಮತ್ತೆ ಕರೆ ಮಾಡಿದಾಗ ಮುಂದಿನ ಪ್ರವಾಸಕ್ಕೆ ಶೇಕಡ 5 ರಿಯಾಯಿತಿ ಕೊಡುವುದಾಗಿ ಹೇಳಿ ಫೋನು ಇಟ್ಟರು. ರಿಯಾಯಿತಿ ಕೇಳಿ ನಾವು ಕರೆ ಮಾಡಿರಲಿಲ್ಲ.

ನಾವು ಕೇಳುತ್ತಿರುವುದು ಹೀಗಿದೆ. ಪ್ರವಾಸದ ಅರ್ಧ ಹಣವಾದ 31,450 ರೂಪಾಯಿ ಮತ್ತು ಗೇಟಿನಲ್ಲಿ ಪಡೆದ 3,400 ರೂಪಾಯಿ, ಒಟ್ಟು 34,850 ರೂಪಾಯಿಗಳನ್ನು ಹಿಂತಿರುಗಿಸಬೇಕು. ಅದು ಬೇಡವೆಂದಾದರೆ ತಂಡದಲ್ಲಿ ಬರಲು ಇಚ್ಛಿಸುವವರನ್ನು ಯಾವುದೇ ಹೆಚ್ಚಿನ ಹಣ ಪಡೆಯದೆ, ದಾರಿಯಲ್ಲಿ ಯಾವ ಮಳಿಗೆಗೂ ನಿಲ್ಲಿಸದೆ, ಕರಪತ್ರದಲ್ಲಿ ಹೇಳಿದ ಪೂರ್ಣ ಮೂರು ಗಂಟೆಗಳ ಕಾಲ ಅದೇ ಸಂಗ್ರಹಾಲಯಕ್ಕೆ ಮತ್ತೊಮ್ಮೆ ಕರೆದೊಯ್ಯಬೇಕು. ಇವೆರಡರಲ್ಲಿ ನಮಗೆ ಎರಡನೆಯದೇ ಹೆಚ್ಚು ಇಷ್ಟ. ತಂದೆಯವರಿಗೆ ಫೆಬ್ರವರಿಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ನಿಗದಿಯಾಗಿರುವುದರಿಂದ ಆ ಪ್ರವಾಸ ಜನವರಿ 20ರ ಒಳಗೆ ಆಗಬೇಕು. ಯಾವುದನ್ನೇ ಆರಿಸಿಕೊಂಡರೂ, ಮಳಿಗೆಯ ನಿಲುಗಡೆ ಮುಂದೆಯೂ ಇರುವುದಾದರೆ ಅದನ್ನು ಸಮಯದ ಸಮೇತ ಕರಪತ್ರದಲ್ಲಿ ಮುದ್ರಿಸಬೇಕು ಮತ್ತು ವಿಷಯ ತಿಳಿದವರನ್ನಷ್ಟೇ ಮಾರ್ಗದರ್ಶಕರಾಗಿ ಕಳುಹಿಸಬೇಕು.

ಹಣ ಪಡೆದು ಒಪ್ಪಿದ ಸೇವೆಯನ್ನು ಕೊಡದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವಾ ನ್ಯೂನತೆ. ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಕರಪತ್ರ, ಹಣ ಪಾವತಿಯ ರಸೀದಿ, ಬಸ್ಸಿನಲ್ಲಿದ್ದ 23 ಹಿರಿಯರ ಸಹಿ ಇರುವ ಹೇಳಿಕೆ ಮತ್ತು ಸಮಯ ತೋರಿಸುವ ಫೋಟೋಗಳ ಸಹಿತ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸುತ್ತೇವೆ. ಹಾಗೆ ಮಾಡುವ ಸಂದರ್ಭ ಬರಬಾರದು ಎಂಬುದೇ ನಮ್ಮೆಲ್ಲರ ಅಪೇಕ್ಷೆ.

ತಮ್ಮ ಉತ್ತರವನ್ನು ಫೋನಿನಲ್ಲಿ ಹೇಳದೆ ಲಿಖಿತವಾಗಿಯೇ ಕಳುಹಿಸಬೇಕಾಗಿ ವಿನಂತಿ. ಅದನ್ನು ತಂದೆಯವರಿಗೆ ಓದಿ ಹೇಳಬೇಕಿದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಪ್ರವಾಸಿ ತಂಡದ 34 ಸದಸ್ಯರ ಪರವಾಗಿ