ವಿಂಡೋಸ್ 11 ಅಪ್‌ಗ್ರೇಡ್ ಇನ್ನು ಮುಂದೆ ಎರಡು ಭೇಟಿಯಲ್ಲಿ

ಮಾನ್ಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ವಿಂಡೋಸ್ 10 ಇರುವ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸುವ ಕೆಲಸವನ್ನು ನಾವು ಒಂದೇ ಭೇಟಿಯಲ್ಲಿ ಮುಗಿಸುವುದಿಲ್ಲ. ಮೊದಲ ಸಲ ಬಂದಾಗ ಯಂತ್ರ ಪರೀಕ್ಷಿಸಿ, ಅದರಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ, ನಿಮ್ಮದೇ ಹೊರಗಿನ ಡಿಸ್ಕಿಗೆ ಬ್ಯಾಕಪ್ ತೆಗೆದು ನಿಮ್ಮ ಕೈಗೇ ಕೊಡುತ್ತೇವೆ. ಎರಡನೇ ಸಲ ಅಪ್‌ಗ್ರೇಡ್. ಅದಾದ ಏಳನೇ ದಿನ ನಾವೇ ಫೋನ್ ಮಾಡಿ ವಿಚಾರಿಸುತ್ತೇವೆ. ಇಷ್ಟಕ್ಕೂ ಶುಲ್ಕ ಈಗಿರುವಷ್ಟೇ. ಇನ್ನೊಂದು ಮಾತು: ಪರೀಕ್ಷೆಯಲ್ಲಿ ಪಾಸಾಗದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ.

ಅಪ್‌ಗ್ರೇಡ್ ಎಂದರೆ ಒಂದು ಬಟನ್ ಒತ್ತಿ ಎರಡು ಗಂಟೆ ಕಾಯುವ ಕೆಲಸ ಎಂಬ ಭಾವನೆ ಇದೆ. ಆ ಎರಡು ಗಂಟೆಯಲ್ಲಿ ವಿಂಡೋಸ್ ಸಾಮಾನ್ಯವಾಗಿ ಸರಿಯಾಗಿಯೇ ಕೂರುತ್ತದೆ. ಕೈಕೊಡುವುದು ಅದಕ್ಕೆ ಒರಗಿಕೊಂಡಿದ್ದ ಉಳಿದ ವಸ್ತುಗಳು. ಪತ್ರಿಕೆ ಪುಟ ಕಟ್ಟುವ ಫಾಂಟು, ಹತ್ತು ವರ್ಷದ ಪ್ರಿಂಟರು, ಡಿಜಿಟಲ್ ಸಹಿಯ ಟೋಕನ್, ಪಕ್ಕದ ಟೇಬಲ್ಲಿನ ಯಂತ್ರದೊಡನೆ ಹಂಚಿಕೊಂಡ ಫೋಲ್ಡರು. ಇವುಗಳ ಪಟ್ಟಿ ಮೊದಲೇ ಕೈಯಲ್ಲಿದ್ದರೆ ಸರಿಪಡಿಸಲು ಅರ್ಧ ದಿನ ಸಾಕು. ಇಲ್ಲದಿದ್ದರೆ ವಾರಗಟ್ಟಲೆ ಎಳೆಯುತ್ತದೆ.

ಅವಸರ ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಜ. ಆದರೆ ಯಂತ್ರ ನಿಂತುಹೋಗುವುದಿಲ್ಲ, ಹೊಸ ಭದ್ರತಾ ತೇಪೆಗಳು ಬರುವುದು ನಿಲ್ಲುತ್ತದೆ. ಮನೆ ಬಳಕೆಯ ಯಂತ್ರಗಳಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆ ಇಟ್ಟಿದೆ. ಯಂತ್ರದಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು, ಅಡ್ಮಿನ್ ಆಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿರಬೇಕು. ಆಗ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಎನ್‌ರೋಲ್ ನೌ' ಎಂಬ ಕೊಂಡಿ ಕಾಣಿಸುತ್ತದೆ. ಸೆಟ್ಟಿಂಗ್ಸ್ ಬ್ಯಾಕಪ್ ಮಾಡಲು ಒಪ್ಪಿದರೆ ಹಣ ಕೊಡಬೇಕಿಲ್ಲ. ಡೊಮೇನಿಗೆ, ಅಂದರೆ ಕಚೇರಿಯ ಕೇಂದ್ರೀಯ ಜಾಲಕ್ಕೆ, ಸೇರಿಸಿದ ಯಂತ್ರಗಳಿಗೆ ಇದು ಅನ್ವಯಿಸುವುದಿಲ್ಲ, ಅವಕ್ಕೆ ಬೇರೆ ಲೆಕ್ಕ. ಅಂದರೆ ಹೆಚ್ಚಿನವರಿಗೆ ಯೋಚಿಸಿ ಮಾಡಲು ಸಮಯವಿದೆ. ಮೊದಲ ಭೇಟಿಯಲ್ಲೇ ಈ ನೋಂದಣಿಯನ್ನು ಮಾಡಿಕೊಡುತ್ತೇವೆ.

ಈಗ ಪರೀಕ್ಷೆಯ ವಿಷಯ. ವಿಂಡೋಸ್ 11ಕ್ಕೆ ಬೇಕಾದ್ದು ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಘಟಕ), ಸೆಕ್ಯೂರ್ ಬೂಟ್ (ನಂಬಬಹುದಾದ ವ್ಯವಸ್ಥೆಯನ್ನು ಮಾತ್ರ ಏಳಲು ಬಿಡುವ ಕಾವಲು) ಇರುವ ಯುಇಎಫ್‌ಐ (ಯಂತ್ರವನ್ನು ಎಬ್ಬಿಸುವ ಹೊಸ ಕ್ರಮ), 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಮತ್ತು ಸ್ಥೂಲವಾಗಿ ಇಂಟೆಲ್ 8ನೇ ತಲೆಮಾರಿನ ಅಥವಾ ಎಎಂಡಿ ರೈಜೆನ್ 2000 ಸರಣಿಯ, ಇಲ್ಲವೇ ಅವುಗಳ ನಂತರದ ಪ್ರೊಸೆಸರ್. ಕಾಗದದ ಮೇಲೆ 4 ಜಿಬಿ ಸಾಕು. ದಿನವಿಡೀ ಕೆಲಸ ಮಾಡುವವರಿಗೆ 8 ಜಿಬಿ ಮತ್ತು ಎಸ್‌ಎಸ್‌ಡಿ ಇಲ್ಲದೆ ನಾವು ಶಿಫಾರಸು ಮಾಡುವುದಿಲ್ಲ. ತಿರುಗುವ ಹಾರ್ಡ್‌ಡಿಸ್ಕಿನ ಮೇಲೆ ವಿಂಡೋಸ್ 11 ಓಡುತ್ತದೆ, ಆದರೆ ನಿಮ್ಮ ತಾಳ್ಮೆ ಓಡುವುದಿಲ್ಲ.

'ಟಿಪಿಎಂ ಇಲ್ಲ' ಎಂದು ಮೈಕ್ರೋಸಾಫ್ಟಿನ ಪರೀಕ್ಷಾ ತಂತ್ರಾಂಶ ಪಿಸಿ ಹೆಲ್ತ್ ಚೆಕ್ ಹೇಳಿದ ಕೂಡಲೇ ಹೊಸ ಯಂತ್ರ ಕೊಳ್ಳಬೇಡಿ. ಎಷ್ಟೋ ಮದರ್‌ಬೋರ್ಡುಗಳಲ್ಲಿ ಅದು ಇದ್ದೂ ಬಯಾಸ್‌ನಲ್ಲಿ (ಯಂತ್ರ ಏಳುವಾಗಿನ ಮೂಲ ಸೆಟ್ಟಿಂಗಿನಲ್ಲಿ) ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿ ಬೋರ್ಡಿನಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಹುಡುಕಬೇಕು. ಇದು ಐದು ನಿಮಿಷದ ಕೆಲಸ.

ಇನ್ನೊಂದು ತೊಡಕು ಅಷ್ಟು ಸಲೀಸಲ್ಲ. ಹಳೆಯ ರೀತಿಯಲ್ಲಿ ವಿಂಡೋಸ್ ಹಾಕಿದ ಯಂತ್ರಗಳು ಲೆಗಸಿ ಮೋಡ್‌ನಲ್ಲಿ, ಅಂದರೆ ಯುಇಎಫ್‌ಐಗಿಂತ ಹಿಂದಿನ ಕ್ರಮದಲ್ಲಿ ಏಳುತ್ತವೆ, ಅವುಗಳ ಡಿಸ್ಕು ಎಂಬಿಆರ್ ಎಂಬ ಹಳೆಯ ವಿಭಜನೆಯ ಮಾದರಿಯದು. ಬಯಾಸ್‌ಗೆ ಹೋಗಿ ಯುಇಎಫ್‌ಐ ಎಂದು ಬದಲಿಸಿಬಿಟ್ಟರೆ 'ಬೂಟ್ ಡಿವೈಸ್ ಇಲ್ಲ' ಎಂಬ ಕಪ್ಪು ತೆರೆ ಬರುತ್ತದೆ. ಡೇಟಾ ಎಲ್ಲೂ ಹೋಗಿರುವುದಿಲ್ಲ, ಮತ್ತೆ ಲೆಗಸಿಗೆ ತಿರುಗಿಸಿದರೆ ಯಂತ್ರ ಏಳುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ಡಿಸ್ಕನ್ನು ಜಿಪಿಟಿ ಎಂಬ ಹೊಸ ಮಾದರಿಗೆ ಪರಿವರ್ತಿಸಿ, ಆಮೇಲೆ ಬಯಾಸ್ ಬದಲಿಸುವುದು. ಪರಿವರ್ತನೆಗೆ ವಿಂಡೋಸ್‌ನಲ್ಲೇ ಎಂಬಿಆರ್‌2ಜಿಪಿಟಿ ಎಂಬ ಸಾಧನವಿದೆ. ಆದರೆ ನಮ್ಮ ಕಡೆಯ ಯಂತ್ರಗಳಲ್ಲಿ ಅದು ಮೇಲಿಂದ ಮೇಲೆ ನಿರಾಕರಿಸುತ್ತದೆ. ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಹಂಚಿಕೊಡುವುದು ಇಲ್ಲಿನ ರೂಢಿ. ಡಿ ಮತ್ತು ಇ ಬಹುತೇಕ ಎಕ್ಸ್‌ಟೆಂಡೆಡ್ ಪಾರ್ಟಿಶನ್ ಎಂಬ ಒಂದು ದೊಡ್ಡ ವಿಭಾಗದೊಳಗೆ ಇರುತ್ತವೆ, ಅಂಥ ಡಿಸ್ಕನ್ನು ಈ ಸಾಧನ ಮುಟ್ಟುವುದಿಲ್ಲ. ಆಗ ಡಿ, ಇ ಎರಡನ್ನೂ ಹೊರಗಿನ ಡಿಸ್ಕಿಗೆ ನಕಲಿಸಿ, ಅಳಿಸಿ, ಪರಿವರ್ತಿಸಿ, ಮತ್ತೆ ತುಂಬಬೇಕು. 500 ಜಿಬಿ ಡೇಟಾ ಇದ್ದರೆ ನಕಲಿಗೇ ಅರ್ಧ ದಿನ ಹಿಡಿಯುತ್ತದೆ. ಒಂದೇ ಭೇಟಿಯಲ್ಲಿ ಆಗದು ಎನ್ನಲು ಇದೊಂದೇ ಕಾರಣ ಸಾಕಿತ್ತು.

ಬಯಾಸ್ ಮುಟ್ಟುವ ಮೊದಲು, ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ಎಂದು ನೋಡುತ್ತೇವೆ. ಆನ್ ಇದ್ದರೆ, ಬಯಾಸ್ ಬದಲಾದ ಕೂಡಲೇ ನೀಲಿ ತೆರೆಯ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಯಂತ್ರದಲ್ಲಿ ಮೊದಲು ಲಾಗಿನ್ ಮಾಡಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮಾರಿದವರು ತಮ್ಮದೋ, ಆಗ ತಾನೇ ಸೃಷ್ಟಿಸಿದ್ದೋ ಒಂದು ಇಮೇಲ್ ಹಾಕಿ ಕೊಟ್ಟಿದ್ದರೆ ಕೀ ಅಲ್ಲಿ ಸೇರಿರುತ್ತದೆ. ಕೀ ಸಿಗದಿದ್ದರೆ ಆ ಡಿಸ್ಕಿನಿಂದ ಯಾರೂ ಏನನ್ನೂ ತೆಗೆಯಲಾರರು, ನಾವೂ ಕೂಡ. ಹಾಗಾಗಿ ನಿಮ್ಮ ಯಂತ್ರ ಯಾವ ಇಮೇಲಿಗೆ ಕಟ್ಟಿಕೊಂಡಿದೆ, ಅದರ ಪಾಸ್‌ವರ್ಡ್ ಯಾರ ಬಳಿ ಇದೆ, ಒಟಿಪಿ ಯಾವ ಫೋನಿಗೆ ಹೋಗುತ್ತದೆ ಎಂಬುದನ್ನು ನಾವು ಬರುವ ಮೊದಲೇ ಖಚಿತ ಮಾಡಿಕೊಳ್ಳಿ. ಕೀಯನ್ನು ಕಾಗದಕ್ಕೆ ಬರೆದು ನಿಮ್ಮ ಬೀರುವಿನಲ್ಲಿ ಇಡಿಸಿದ ಮೇಲೆಯೇ ಮುಂದಿನ ಹೆಜ್ಜೆ.

ಕನ್ನಡದ ಕೆಲಸ ಮಾಡುವವರು, ಅಂದರೆ ಡಿಟಿಪಿ ಅಂಗಡಿ, ಮುದ್ರಣಾಲಯ, ಶಾಲೆ, ಸಂಘದ ಕಚೇರಿಗಳವರು, ಮುಂದಿನದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇವೆ.

ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ (ಇಂಗ್ಲಿಷ್ ಚಿಹ್ನೆಗಳ ಸಂಕೇತದ) ಫಾಂಟಿನಲ್ಲಿ ಟೈಪಿಸಿದ ಫೈಲಿನೊಳಗೆ ಇರುವುದು ಕನ್ನಡವಲ್ಲ. ನುಡಿಯ ಆಸ್ಕಿ ಫಾಂಟಿನಲ್ಲಿ 'ಕನ್ನಡ' ಎಂದು ಬರೆದರೆ ಫೈಲಿನಲ್ಲಿ ಕೂರುವುದು ಏಳು ಚಿಹ್ನೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯಲ್ಲಿ ಬಳಸುವ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಓರೆಗೆರೆಯ ಎ. ಈ ಏಳಕ್ಕೂ ಕನ್ನಡದ ಉಡುಪು ತೊಡಿಸುವುದು ಫಾಂಟು. ಫಾಂಟ್ ಇಲ್ಲದ ಯಂತ್ರದಲ್ಲಿ ಉಡುಪು ಕಳಚಿ ಈ ಚಿಹ್ನೆಗಳೇ ಕಾಣುತ್ತವೆ. ಫೈಲ್ ಕೆಟ್ಟಿದೆ, ವೈರಸ್ ಹೊಕ್ಕಿದೆ ಎಂದು ಗಾಬರಿಯಾಗಿ ಅಳಿಸಬೇಡಿ, ಮೊದಲಿನಿಂದ ಟೈಪ್ ಮಾಡಲೂ ಕೂರಬೇಡಿ. ಅದೇ ಫಾಂಟ್ ಹಾಕಿದರೆ ಅಕ್ಷರಗಳು ಇದ್ದ ಹಾಗೇ ಬರುತ್ತವೆ.

ಇದ್ದ ಯಂತ್ರವನ್ನೇ ಅಪ್‌ಗ್ರೇಡ್ ಮಾಡಿದಾಗ ಫಾಂಟುಗಳು ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿದಾಗ ಹೋಗುತ್ತವೆ. 32 ಬಿಟ್ ವಿಂಡೋಸ್ 10 ಇರುವವರಿಗೆ ಹೊಸದಾಗಿ ಹಾಕದೆ ಬೇರೆ ದಾರಿ ಇಲ್ಲ, ಏಕೆಂದರೆ ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ಅದೇ ಕಾರಣಕ್ಕೆ 16 ಬಿಟ್ ಪ್ರೋಗ್ರಾಂಗಳು ಅದರಲ್ಲಿ ಓಡುವುದೂ ಇಲ್ಲ. ಹೀಗಾಗಿ ಮೊದಲ ಭೇಟಿಯಲ್ಲಿ ಸಿ ಡ್ರೈವಿನ ವಿಂಡೋಸ್ ಫಾಂಟ್ಸ್ ಫೋಲ್ಡರನ್ನೂ, ಬಳಕೆದಾರರ ಆ್ಯಪ್‌ಡೇಟಾದೊಳಗೆ ಅಡಗಿರುವ ಇನ್ನೊಂದು ಫಾಂಟ್ಸ್ ಫೋಲ್ಡರನ್ನೂ ನಕಲಿಸುತ್ತೇವೆ. ಈ ಎರಡನೆಯದನ್ನು ಮರೆತರೆ ಅರ್ಧ ಫಾಂಟುಗಳು ಮಾಯ. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ, ಫಾಂಟ್ ತೆರೆದು ಸುಮ್ಮನೆ 'ಇನ್‌ಸ್ಟಾಲ್' ಒತ್ತಿದರೆ ಅದು ಆ ಬಳಕೆದಾರರೊಬ್ಬರಿಗೆ ಮಾತ್ರ ಸೇರುತ್ತದೆ. ಕೆಲವು ಹಳೆಯ ಪುಟವಿನ್ಯಾಸ ತಂತ್ರಾಂಶಗಳು ಅಲ್ಲಿ ಇಣುಕಿಯೂ ನೋಡುವುದಿಲ್ಲ. ವರ್ಡ್‌ನಲ್ಲಿ ಕಾಣುವ ಫಾಂಟ್ ಪೇಜ್‌ಮೇಕರ್‌ನಲ್ಲಿ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಫಾಂಟಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿ. ಅದು ಕಾಣದಿದ್ದರೆ 'ಶೋ ಮೋರ್ ಆಪ್ಶನ್ಸ್' ಒತ್ತಿದ ಮೇಲೆ ಕಾಣುತ್ತದೆ.

ಟೈಪಿಂಗಿನಲ್ಲೂ ಇಂಥದ್ದೇ ಒಂದು ಸಿಕ್ಕು. ಪೇಜ್‌ಮೇಕರನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದು, ಕೀಲಿಮಣೆ ತಂತ್ರಾಂಶವನ್ನು ಮಾಮೂಲಿಯಾಗಿ ತೆರೆದರೆ ಅಕ್ಷರಗಳು ಇಂಗ್ಲಿಷಿನಲ್ಲೇ ಬೀಳುತ್ತವೆ. ಕಡಿಮೆ ಅಧಿಕಾರದ ಪ್ರೋಗ್ರಾಂ ಹೆಚ್ಚಿನ ಅಧಿಕಾರದ ಕಿಟಕಿಯಲ್ಲಿ ಒತ್ತಿದ ಕೀಲಿಗಳನ್ನು ಹಿಡಿಯದಂತೆ ವಿಂಡೋಸ್ ತಡೆಯುತ್ತದೆ. ಎರಡನ್ನೂ ಒಂದೇ ಬಗೆಯಲ್ಲಿ ತೆರೆಯಿರಿ, ಕನ್ನಡ ಮೂಡುತ್ತದೆ. ವಿಂಡೋಸ್‌ನಲ್ಲೇ ಕನ್ನಡ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಕೀಲಿಮಣೆಗಳಿವೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಬದಲಿಸಬಹುದು. ಆದರೆ ನುಡಿ ಬಳಸುವ ಕೆ. ಪಿ. ರಾವ್ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಅವೆರಡೂ ಒಗ್ಗುವುದಿಲ್ಲ. ಅಂಥವರು ನುಡಿಯನ್ನೇ ಇಟ್ಟುಕೊಂಡು, ಹೊಸ ಕೆಲಸವನ್ನೆಲ್ಲ ಅದರ ಯೂನಿಕೋಡ್ (ಫೈಲಿನೊಳಗೂ ಕನ್ನಡವಾಗಿಯೇ ಉಳಿಯುವ) ವಿಧಾನದಲ್ಲಿ ಮಾಡುವುದು ಒಳ್ಳೆಯದು.

ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಡಿ ಎಂದು ಕೇಳುವವರಿದ್ದಾರೆ. ಮಾಡಿಕೊಡುತ್ತೇವೆ, ಆದರೆ ಮೂಲ ಫೈಲನ್ನು ಅಳಿಸುವುದಿಲ್ಲ. ಪರಿವರ್ತಕಗಳು ಎಡವುವ ಜಾಗಗಳು ಗೊತ್ತಿರುವಂಥವೇ: ಅರ್ಕಾವೊತ್ತು, 'ರ‍್ಯಾಂಕ್' ಎಂಬಲ್ಲಿಯ ರ, ಎರಡೆರಡು ಒತ್ತು ಬಿದ್ದ ಅಕ್ಷರ, ಮತ್ತು ಕನ್ನಡದ ನಡುವೆ ಬಂದ ಇಂಗ್ಲಿಷ್ ಪದ. ಫಾಂಟಿನ ಹೆಸರು ನೋಡದ ಪರಿವರ್ತಕ ಆ ಇಂಗ್ಲಿಷನ್ನೂ ಅರ್ಥವಿಲ್ಲದ ಕನ್ನಡವಾಗಿಸುತ್ತದೆ. ಪರಿವರ್ತನೆಯಾದ ಮೇಲೆ ಕರಡು ತಿದ್ದುವ ಹೊಣೆ ನಿಮ್ಮವರದ್ದೇ. ತುಂಗಾ ಫಾಂಟಿನಲ್ಲಿ ಮಾಡಿದ ಯೂನಿಕೋಡ್ ಕಡತಗಳಿಗೆ ಪರಿವರ್ತನೆ ಬೇಕಿಲ್ಲ. ಹೊಸ ವಿಂಡೋಸ್‌ನಲ್ಲಿ ತುಂಗಾ ತಾನಾಗಿ ಬರುವುದಿಲ್ಲವಾದ್ದರಿಂದ ಸಾಲುಗಳು ಜರುಗಿ ಪುಟ ಹೆಚ್ಚಾಗುತ್ತದೆ, ಅಷ್ಟೆ. ಆಪ್ಶನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದರೆ ಸರಿಹೋಗುತ್ತದೆ.

ಪ್ರಿಂಟರ್ ಬಗ್ಗೆ: ಎಚ್‌ಪಿ 1020, ಕ್ಯಾನನ್ 2900ರಂಥ ಹಳೆಯ ಗಟ್ಟಿ ಯಂತ್ರಗಳನ್ನು ಎಸೆಯಬೇಕಿಲ್ಲ. ಅವು ಸ್ವಂತ ಡ್ರೈವರ್ ಇಲ್ಲದೆ ಕೆಲಸ ಮಾಡವು, ಸಾಮಾನ್ಯ ಡ್ರೈವರ್ ಅವಕ್ಕೆ ನಡೆಯದು. 64 ಬಿಟ್ ಡ್ರೈವರನ್ನು ಅಪ್‌ಗ್ರೇಡ್‌ಗೆ ಮೊದಲೇ ಇಳಿಸಿ ಇಟ್ಟುಕೊಳ್ಳುತ್ತೇವೆ. ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನಿರ್ಧರಿಸಲಿ ಎಂಬ ಆಯ್ಕೆ ಆನ್ ಇದ್ದರೆ ಬಿಲ್ಲು ಎಲ್ಲೆಲ್ಲೋ ಮುದ್ರಣವಾಗುತ್ತದೆ, ಅದನ್ನು ಆಫ್ ಮಾಡಿಡುತ್ತೇವೆ.

ಪಾಸ್‌ವರ್ಡ್ ಇಲ್ಲದೆ ಹಂಚಿಕೊಂಡ ಫೋಲ್ಡರುಗಳು ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊದಲ್ಲಿ ತೆರೆಯುವುದಿಲ್ಲ. ಅತಿಥಿಯಾಗಿ ಒಳಬರುವ ದಾರಿಯನ್ನು ಅದರಲ್ಲಿ ಮುಚ್ಚಿದ್ದಾರೆ. ಜೆರಾಕ್ಸ್ ಯಂತ್ರದಿಂದ ಫೋಲ್ಡರಿಗೆ ಸ್ಕ್ಯಾನ್ ಹೋಗದಿದ್ದರೂ ಬಹುಪಾಲು ಇದೇ ಕಾರಣ. ಭದ್ರತೆಯನ್ನೇ ಕಳಚುವ ಸಲಹೆಗಳನ್ನು ಪಾಲಿಸಬೇಡಿ. ಫೋಲ್ಡರ್ ಇರುವ ಯಂತ್ರದಲ್ಲಿ ಪಾಸ್‌ವರ್ಡ್ ಇರುವ ಒಂದು ಬಳಕೆದಾರ ಹೆಸರು ಮಾಡಿ ಅದನ್ನೇ ಉಳಿದೆಡೆ ಕೊಟ್ಟರೆ ಸಾಕು. ಎಸ್‌ಎಂಬಿ 1 ಎಂಬ ಹಳೆಯ ಫೋಲ್ಡರ್ ಹಂಚಿಕೆಯ ವಿಧಾನ ಮಾತ್ರ ಬಲ್ಲ ಸ್ಕ್ಯಾನರ್ ಇದ್ದರೆ ಪೆನ್‌ಡ್ರೈವಿಗೆ ಸ್ಕ್ಯಾನ್ ಮಾಡಿ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ 2017ರ ವಾನಾಕ್ರೈ ವೈರಸ್ಸಿನ ಹಾವಳಿ ಹಬ್ಬಿದ್ದು ಆ ಬಾಗಿಲಿನಿಂದಲೇ. ಅದನ್ನು ನಾವು ತೆರೆದುಕೊಡುವುದಿಲ್ಲ.

ಲೆಕ್ಕಪತ್ರದವರು ಗಮನಿಸಿ: ಫಾರ್ಮ್ಯಾಟ್ ಮಾಡುವ ಮೊದಲು ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಬೇಕು. ಡಿಜಿಟಲ್ ಸಹಿಯ ಟೋಕನ್ನಿನ ಡ್ರೈವರ್, ಸಹಿ ಹಾಕಲು ಬೇಕಾದ ಎಂಸೈನರ್ ತಂತ್ರಾಂಶ ಎರಡನ್ನೂ ಮತ್ತೆ ಹಾಕಿ, ಒಂದು ಸಹಿ ಮಾಡಿ ನೋಡಿಯೇ ನಾವು ಹೊರಡುತ್ತೇವೆ. ಜಿಎಸ್‌ಟಿ ರಿಟರ್ನಿನ ದಿನಗಳಾದ 11 ಮತ್ತು 20ರ ಹಿಂದಿನ ಮೂರು ದಿನ ಯಾವ ಕಚೇರಿಯ ಅಪ್‌ಗ್ರೇಡನ್ನೂ ಹಿಡಿಯುವುದಿಲ್ಲ.

ಅಪ್‌ಗ್ರೇಡ್ ಆದ ಮೇಲೆ ಸ್ಟಾರ್ಟ್ ಬಟನ್ ನಡುವಿಗೆ ಬಂದಿರುತ್ತದೆ, ಟಾಸ್ಕ್‌ಬಾರ್ ಸೆಟ್ಟಿಂಗಿನಲ್ಲಿ ಎಡಕ್ಕೆ ಸರಿಸಿಕೊಡುತ್ತೇವೆ. ಡೆಸ್ಕ್‌ಟಾಪಿನ ಫೈಲುಗಳನ್ನು ಒನ್‌ಡ್ರೈವಿಗೆ ಬ್ಯಾಕಪ್ ಮಾಡಲೇ ಎಂದು ಕೇಳಿದರೆ ಯೋಚಿಸದೆ ಒಪ್ಪಬೇಡಿ. ಉಚಿತ ಜಾಗ 5 ಜಿಬಿ ಮಾತ್ರ. ಮದುವೆ ಫೋಟೊಗಳ ಒಂದು ಫೋಲ್ಡರಿಗೇ ಅದು ತುಂಬಿ, ಆಮೇಲೆ ದಿನವೂ ಎಚ್ಚರಿಕೆ ಬರುತ್ತಿರುತ್ತದೆ.

ಹಿಂದಿನ ವಿಂಡೋಸ್‌ಗೆ ಮರಳುವ 'ಗೋ ಬ್ಯಾಕ್' ಆಯ್ಕೆ ಹತ್ತು ದಿನ ಮಾತ್ರ ಇರುತ್ತದೆ. ಏಳನೇ ದಿನ ನಾವು ಫೋನ್ ಮಾಡುವುದು ಇದಕ್ಕಾಗಿಯೇ. ಅಷ್ಟರೊಳಗೆ ನೀವು ತಿಂಗಳಿಗೊಮ್ಮೆ ಮಾತ್ರ ಬಳಸುವ ಪ್ರೋಗ್ರಾಂ ಸೇರಿ ಎಲ್ಲವನ್ನೂ ಒಂದು ಸಲ ತೆರೆದು, ಒಂದೊಂದು ಪುಟ ಪ್ರಿಂಟ್ ತೆಗೆದು ನೋಡಿರಬೇಕು. ಸಿ ಡ್ರೈವ್ ತುಂಬಿದೆಯೆಂದು ಡಿಸ್ಕ್ ಕ್ಲೀನಪ್‌ನಲ್ಲಿ 'ಹಿಂದಿನ ವಿಂಡೋಸ್' ಅಳಿಸಿದರೆ ಮರಳುವ ದಾರಿ ಆ ಕ್ಷಣವೇ ಮುಚ್ಚುತ್ತದೆ.

ಪಾಸಾಗದ ಯಂತ್ರಗಳಿಗೆ ಅಡ್ಡದಾರಿ ಇದೆ, ನಮಗೂ ಗೊತ್ತು. ಆದರೆ ಅಂಥ ಯಂತ್ರಗಳಿಗೆ ಮುಂದಿನ ಅಪ್‌ಡೇಟುಗಳ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಭದ್ರತೆಗೆಂದು ಮಾಡಿದ ಅಪ್‌ಗ್ರೇಡ್ ಭದ್ರತೆಯನ್ನೇ ಕೊಡದಿದ್ದರೆ ನಿಮ್ಮಿಂದ ಹಣ ಪಡೆಯುವುದು ನ್ಯಾಯವಲ್ಲ. ಬ್ರೌಸರ್, ಇಮೇಲ್, ಯೂನಿಕೋಡ್ ಕನ್ನಡ ಟೈಪಿಂಗ್ ಇಷ್ಟೇ ಬಳಕೆಯಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಬೇರೆ ಕಾರ್ಯವ್ಯವಸ್ಥೆ ಹಾಕಿಕೊಡುತ್ತೇವೆ, ಅದಕ್ಕೆ 2029ರವರೆಗೆ ಬೆಂಬಲವಿದೆ. ಟ್ಯಾಲಿ, ಪೇಜ್‌ಮೇಕರ್ ಬೇಕಾದವರಿಗೆ ಅದು ಹೊಂದದು. ಅಂಥವರು ಹಳೆಯ ಯಂತ್ರವನ್ನು ಇಂಟರ್ನೆಟ್ ಸಂಪರ್ಕ ತೆಗೆದು ಹಳೆಯ ಕಡತಗಳಿಗಷ್ಟೇ ಇಟ್ಟುಕೊಂಡು, ಹೊಸ ಕೆಲಸಕ್ಕೆ ಬೇರೆ ಯಂತ್ರ ನೋಡುವುದು ಲೇಸು.

ಮೊದಲ ಭೇಟಿಗೆ ನೀವು ಸಿದ್ಧವಿಡಬೇಕಾದ್ದು: ನಿಮ್ಮ ಡೇಟಾ ಹಿಡಿಸುವಷ್ಟು ದೊಡ್ಡ ಹೊರಗಿನ ಡಿಸ್ಕು, ಇಮೇಲ್ ಪಾಸ್‌ವರ್ಡು, ಒಟಿಪಿ ಬರುವ ಫೋನು, ಕೊಂಡ ತಂತ್ರಾಂಶಗಳ ಲೈಸೆನ್ಸ್ ಕಾಗದ. ಎರಡನೇ ಭೇಟಿಯ ದಿನ ಯುಪಿಎಸ್ ಬ್ಯಾಟರಿ ಸರಿಯಿರಬೇಕು. ಆ ದಿನ ನಿಮ್ಮ ಬೀದಿಯಲ್ಲಿ ಕರೆಂಟ್ ತೆಗೆಯುವ ಪ್ರಕಟಣೆ ಬಂದಿದ್ದರೆ ಹಿಂದಿನ ದಿನವೇ ತಿಳಿಸಿ, ಬೇರೆ ದಿನ ಕೊಡುತ್ತೇವೆ.

ಇಂತಿ,
ನಿಮ್ಮ ಕಂಪ್ಯೂಟರ್ ಸೇವಾ ಸಹಕಾರಿಯ ಬಳಗ