ಬಾಕಿ ಪಿಂಚಣಿ: ಬರೆದೇ ಕೇಳೋಣ

ಎಲ್ಲರಿಗೂ ನಮಸ್ಕಾರ. ಅಂಗವಿಕಲರ ಪಿಂಚಣಿ ಬಾಕಿಯ ಬಗ್ಗೆ ತುಂಬ ಮಂದಿ ಕೇಳುತ್ತಿದ್ದೀರಿ. ಕಚೇರಿಯವರು “ಬರ್ತದೆ” ಅಂದರು ಎಂದು ಸುಮ್ನೆ ಕೂರಬೇಡಿ.

ನಮ್ಮ ಕಾಸರಗೋಡಿನ ಎಂಡೋಸಲ್ಫಾನ್ (ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ) ಸಂತ್ರಸ್ತರಿಗೆ ಏನಾಯಿತು ನೆನಪಿದೆ ಅಲ್ವಾ? ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ಕೇರಳ ಸರ್ಕಾರಕ್ಕೆ ಹೇಳಿತ್ತು. 2022ರ ಮೇ ತಿಂಗಳಲ್ಲಿ ನೋಡಿದರೆ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಬರೀ 8 ಮಂದಿಗೆ. ಅದೂ ಮತ್ತೆ ಕೋರ್ಟಿಗೆ ಹೋದವರಿಗೆ! ಎಣ್ಮಕಜೆಯಲ್ಲೋ ಬೆಳ್ಳೂರಿನಲ್ಲೋ ಹಾಸಿಗೆ ಹಿಡಿದ ಮಗುವನ್ನು ಬಿಟ್ಟು ತಾಯಿ ದೆಹಲಿಗೆ ಹೋಗಬೇಕೇ? ಇದು ದೊಡ್ಡ ಅನ್ಯಾಯ. ಮಾಜಿ ಸೈನಿಕರ ‘ಒನ್ ರ‍್ಯಾಂಕ್ ಒನ್ ಪೆನ್ಶನ್’ (ಒಂದೇ ದರ್ಜೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿ) ಬಾಕಿಗೂ 2023ರಲ್ಲಿ ಕೋರ್ಟೇ ಕೇಂದ್ರಕ್ಕೆ ಗಡುವು ಹಾಕಬೇಕಾಯಿತು.

ಮೊದಲು ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಆನ್‌ಲೈನ್ ಸೇವೆಗಳ ಕೇಂದ್ರ) ಮಸ್ಟರಿಂಗ್, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಎಂದು ದೃಢೀಕರಿಸುವ ಕೆಲಸ, ಆಗಿದೆಯಾ ನೋಡಿ. ಆಗಿದ್ದರೂ ಹಣ ಬರದಿದ್ದರೆ ಪಂಚಾಯತಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಲೇಬೇಕು. ಯಾವ ಯಾವ ತಿಂಗಳ ಹಣ ಬಾಕಿ, ಯಾಕೆ ತಡೆದರು, ಕಡತ ಈಗ ಯಾರ ಮೇಜಿನಲ್ಲಿದೆ ಎಂದು ನೇರವಾಗಿ ಕೇಳಿ. ಕನ್ನಡದಲ್ಲೇ ಬರೆಯಿರಿ, ಅದು ನಮ್ಮ ಹಕ್ಕು. ಸೀಲು ಹಾಕಿದ ರಶೀದಿ ಜೋಪಾನ.

ಬರೆಯಲು ಕಷ್ಟವಾದವರು ಇಲ್ಲಿ ತಿಳಿಸಿ, ಮನೆಗೇ ಬಂದು ಬರೆದುಕೊಡುತ್ತೇವೆ. ಆಧಾರ್, ಪಾಸ್‌ಬುಕ್ ಫೋಟೋಗಳನ್ನು ಮಾತ್ರ ಗುಂಪಿಗೆ ಹಾಕಬೇಡಿ.